ನೂರಕ್ಕೆ ನೂರು ಬಿಸಿಲು-ಗಾಳಿಯ ಕರೆಂಟು: ರಾಯದುರ್ಗ, ಮಡಕಶಿರಾಗಳ ಲೆಕ್ಕ

ರಾಯದುರ್ಗದಿಂದ ಬೆಳುಗುಪ್ಪ, ಉರವಕೊಂಡಗಳ ಕಡೆಗೆ ಹೊರಟವರಿಗೆ ಬಯಲಿನಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳು ಕಾಣಿಸುತ್ತವೆ. ಮಡಕಶಿರಾದಿಂದ ಉತ್ತರಕ್ಕೆ ರಾಜ್ಯದ ಗಡಿ ದಾಟಿ ಪಾವಗಡ ತಾಲೂಕಿಗೆ ಕಾಲಿಟ್ಟರೆ, ತಿರುಮಣಿಯ ಸುತ್ತ ಸಾವಿರಾರು ಎಕರೆಯಲ್ಲಿ ಸೌರಫಲಕಗಳು ಹಾಸಿಕೊಂಡಿವೆ. ಇವೆರಡರ ನಡುವೆ ಬೆಳೆಯುತ್ತಿರುವ ಮಕ್ಕಳು ವಿಜ್ಞಾನದ ತರಗತಿಯಲ್ಲಿ ಕೇಳುವ ಪ್ರಶ್ನೆ ಸಹಜವಾದುದೇ: ಆ ಫ್ಯಾನುಗಳ ಕರೆಂಟು ನಮ್ಮ ಮನೆಗೆ ಬರುತ್ತದೆಯೇ? ಬರುವುದಾದರೆ ನಮ್ಮ ಊರು ಕಲ್ಲಿದ್ದಲಿನ ಹಂಗಿಲ್ಲದೆ ನಡೆಯಬಹುದಲ್ಲವೇ?

ಒಂದು ಊರು ತನಗೆ ಬೇಕಾದ ಎಲ್ಲ ವಿದ್ಯುತ್ತನ್ನೂ ನವೀಕರಿಸಬಹುದಾದ ಮೂಲಗಳಿಂದಲೇ ಪಡೆಯಲು ಇರುವ ದಾರಿಗಳಾವುವು, ಅವುಗಳ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ನಮ್ಮ ಎರಡು ಪಟ್ಟಣಗಳನ್ನು ಕಣ್ಣ ಮುಂದಿರಿಸಿಕೊಂಡು ಇಲ್ಲಿ ಪರಿಶೀಲಿಸಲಾಗಿದೆ. 2022ರ ಏಪ್ರಿಲ್ 4ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದು, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಆದರೆ ಎರಡಕ್ಕೂ ಕರೆಂಟು ಕೊಡುವ ಸಂಸ್ಥೆ ಒಂದೇ: ತಿರುಪತಿಯಲ್ಲಿ ಕೇಂದ್ರ ಕಚೇರಿಯುಳ್ಳ ಆಂಧ್ರಪ್ರದೇಶ ದಕ್ಷಿಣ ವಿದ್ಯುತ್ ವಿತರಣಾ ಕಂಪನಿ.

ಕೆರೆಯ ನೀರಿಗೆ ಹಳ್ಳದ ಹೆಸರಿಲ್ಲ

ಹತ್ತು ಹಳ್ಳಗಳು ಬಂದು ಸೇರುವ ಕೆರೆಯ ತೂಬಿನಲ್ಲಿ ಹರಿಯುವ ನೀರು ಯಾವ ಹಳ್ಳದ್ದೆಂದು ಹೇಳಲಾಗದು. ವಿದ್ಯುತ್ ಜಾಲವೂ ಹೀಗೆಯೇ. ಉರವಕೊಂಡದ ಗಾಳಿಯಂತ್ರ, ನಂಬುಲಪೂಲಕುಂಟದ ಸೌರ ಉದ್ಯಾನ, ಕಡಪ ಜಿಲ್ಲೆಯ ಮುದ್ದನೂರಿನ ಬಳಿ ಕಲ್ಲಿದ್ದಲು ಉರಿಸುವ 1,650 ಮೆಗಾವ್ಯಾಟ್‌ನ ರಾಯಲಸೀಮಾ ಶಾಖೋತ್ಪನ್ನ ಸ್ಥಾವರ, ಇವೆಲ್ಲವೂ ಒಂದೇ ಜಾಲಕ್ಕೆ ಕರೆಂಟು ಸುರಿಯುತ್ತವೆ. ರಾಯದುರ್ಗದ ಮನೆಯ ದೀಪಕ್ಕೆ ಬರುವುದು ಆ ಕ್ಷಣದ ಮಿಶ್ರಣ. ಮಟಮಟ ಮಧ್ಯಾಹ್ನ ಅದರಲ್ಲಿ ಬಿಸಿಲಿನ ಪಾಲು ಹೆಚ್ಚು; ಚಳಿಗಾಲದ ರಾತ್ರಿ ಎಂಟು ಗಂಟೆಗೆ ಕಲ್ಲಿದ್ದಲಿನ ಪಾಲು ಹೆಚ್ಚು.

ಹಾಗಾಗಿ ಒಂದು ಊರು "ನಾವು ಪೂರ್ತಿ ನವೀಕರಿಸಬಹುದಾದ ವಿದ್ಯುತ್ತನ್ನೇ ಬಳಸುತ್ತೇವೆ" ಎಂದರೆ ಅದರ ಅರ್ಥ ಎರಡರಲ್ಲಿ ಒಂದಾಗಿರುತ್ತದೆ. ಮೊದಲನೆಯದು ವರ್ಷದ ಲೆಕ್ಕ: ವರ್ಷದಲ್ಲಿ ಊರು ಬಳಸಿದಷ್ಟೇ ಯೂನಿಟ್ಟುಗಳನ್ನು ಊರಿನ ಪರವಾಗಿ ಎಲ್ಲಿಯೋ ಸೂರ್ಯ, ಗಾಳಿ, ನೀರುಗಳಿಂದ ಉತ್ಪಾದಿಸಿ ಜಾಲಕ್ಕೆ ಸೇರಿಸಲಾಗಿದೆ. ಎರಡನೆಯದು ಗಂಟೆಯ ಲೆಕ್ಕ: ದೀಪ ಉರಿಯುವ ಆಯಾ ಗಂಟೆಯಲ್ಲೇ ಅಷ್ಟು ಉತ್ಪಾದನೆ ನಡೆದಿದೆ, ಇಲ್ಲವೇ ಮೊದಲೇ ಕೂಡಿಟ್ಟದ್ದು ಆ ಹೊತ್ತಿಗೆ ಒದಗಿದೆ. ಮೊದಲನೆಯದು ಸುಲಭ, ಎರಡನೆಯದು ಕಷ್ಟ. ಪತ್ರಿಕೆಗಳಲ್ಲಿ ಬರುವ ಘೋಷಣೆಗಳ ಪೈಕಿ ಬಹುಪಾಲು ಮೊದಲನೆಯ ಬಗೆಯವು. ಆದರೆ ಓದುವವರು ಎರಡನೆಯದೆಂದು ಭಾವಿಸುತ್ತಾರೆ.

ಕನ್ನಡನಾಡಿನ ಮಟ್ಟಿಗೆ ಈ ಪ್ರಶ್ನೆ ಹೊಸದೇನಲ್ಲ. ಕಾವೇರಿಯ ಶಿವನಸಮುದ್ರದಲ್ಲಿ ನೀರಿನಿಂದ ತೆಗೆದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ಬೆಳಗಿತು. ಆ ಹೊತ್ತಿನ ಬೆಂಗಳೂರಿನ ಬೀದಿದೀಪಗಳು ಇಂದಿನ ಮಾತಿನಲ್ಲಿ ನೂರಕ್ಕೆ ನೂರು ನವೀಕರಿಸಬಹುದಾದ ವಿದ್ಯುತ್ತಿನವು. ತೊಂದರೆ ಬಂದದ್ದು ಬೇಸಿಗೆಯಲ್ಲಿ, ನದಿಯ ಹರಿವು ಇಳಿದಾಗ. 1911ರಲ್ಲಿ ಕನ್ನಂಬಾಡಿ ಅಣೆಕಟ್ಟಿನ ಕೆಲಸ ಆರಂಭವಾದುದರ ಹಿಂದೆ ಶಿವನಸಮುದ್ರದ ಯಂತ್ರಗಳಿಗೆ ವರ್ಷವಿಡೀ ನೀರು ಒದಗಿಸುವ ಉದ್ದೇಶವೂ ಇತ್ತು. ಅದನ್ನು ನೀರಾವರಿಯ ಅಣೆಕಟ್ಟೆಂದಷ್ಟೇ ನಾವು ಪಾಠ ಹೇಳುತ್ತೇವೆ. ವಿದ್ಯುತ್ತಿನ ದೃಷ್ಟಿಯಿಂದ ಅದೊಂದು ದೊಡ್ಡ ಸಂಗ್ರಹಾಗಾರವೂ ಹೌದು.

ನಮ್ಮ ಬಗಲಲ್ಲೇ ಇರುವ ಹಳೆಯ ನವೀಕರಿಸಬಹುದಾದ ಮೂಲ ತುಂಗಭದ್ರೆ. ಅಣೆಕಟ್ಟಿನ ವಿದ್ಯುದಾಗಾರ ಮತ್ತು ಹಂಪಿಯ ವಿದ್ಯುದಾಗಾರ ಸೇರಿ 72 ಮೆಗಾವ್ಯಾಟ್ ಸಾಮರ್ಥ್ಯವುಳ್ಳವು. ಬೊಮ್ಮನಹಾಳ್, ಕಣೇಕಲ್ಲುಗಳ ಹೊಲಗಳಿಗೆ ಎತ್ತರದ ಕಾಲುವೆಯಲ್ಲಿ ಬರುವುದೂ ಅದೇ ಜಲಾಶಯದ ನೀರು. ಆದರೆ ಹೂಳು ತುಂಬಿದ ಜಲಾಶಯ, ವರ್ಷಕ್ಕೊಂದು ಬಗೆಯ ಮಳೆ. ಅದರ ಮೇಲೆ ಹೊಸ ಭಾರ ಹೊರಿಸಲಾಗದು. ಆದ್ದರಿಂದ ಮುಂದಿನ ಮಾತೆಲ್ಲ ಬಿಸಿಲು ಮತ್ತು ಗಾಳಿಯದು.

ಎಷ್ಟು ಬೇಕು?

ಮಕ್ಕಳೊಡನೆ ಕರಿಹಲಗೆಯ ಮೇಲೆ ಮಾಡಬಹುದಾದ ಲೆಕ್ಕ ಇದು. ರಾಯದುರ್ಗದ ಜನಸಂಖ್ಯೆ 2011ರ ಜನಗಣತಿಯಲ್ಲಿ 60 ಸಾವಿರವನ್ನು ದಾಟಿತ್ತು. ಲೆಕ್ಕದ ಅನುಕೂಲಕ್ಕೆಂದು 15 ಸಾವಿರ ಮನೆಗಳು, ಮನೆಯೊಂದಕ್ಕೆ ತಿಂಗಳಿಗೆ 100 ಯೂನಿಟ್ ಎಂದು ಹಿಡಿಯೋಣ. ತಿಂಗಳಿಗೆ 15 ಲಕ್ಷ ಯೂನಿಟ್ ಆಯಿತು.

ನಮ್ಮ ಸೀಮೆಯ ಬಿಸಿಲಿಗೆ ಒಂದು ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಸರಾಸರಿ 4 ಯೂನಿಟ್, ತಿಂಗಳಿಗೆ 120 ಯೂನಿಟ್ ಕೊಡುತ್ತದೆ. ಹಾಗಾದರೆ ಬೇಕಾಗುವುದು 12,500 ಕಿಲೋವ್ಯಾಟ್, ಅಂದರೆ ಹನ್ನೆರಡೂವರೆ ಮೆಗಾವ್ಯಾಟ್. ಪಾವಗಡದಲ್ಲಿ 2,050 ಮೆಗಾವ್ಯಾಟ್‌ಗೆ ಸುಮಾರು 13,000 ಎಕರೆ ಹಿಡಿದಿದೆ. ಆ ಪ್ರಮಾಣದಲ್ಲಿ ನಮಗೆ 80 ಎಕರೆ ಸಾಕು. ಗಾಳಿಯಿಂದಲೇ ತೆಗೆಯುವುದಾದರೆ, ತನ್ನ ಪೂರ್ಣ ಸಾಮರ್ಥ್ಯದ ಶೇ. 25ರಷ್ಟು ದುಡಿಯುವ 2 ಮೆಗಾವ್ಯಾಟ್ ಯಂತ್ರವೊಂದು ವರ್ಷಕ್ಕೆ ಸುಮಾರು 44 ಲಕ್ಷ ಯೂನಿಟ್ ಕೊಡುತ್ತದೆ. ಊರಿನ ಮನೆಗಳ ವಾರ್ಷಿಕ ಬಳಕೆ 1 ಕೋಟಿ 80 ಲಕ್ಷ ಯೂನಿಟ್‌ಗೆ ನಾಲ್ಕೈದು ಯಂತ್ರಗಳು ಸಾಕು. ಅಂಗಡಿ, ಜೀನ್ಸ್ ಹೊಲಿಯುವ ಘಟಕಗಳು, ಕುಡಿಯುವ ನೀರಿನ ಪಂಪು, ಬೀದಿದೀಪಗಳನ್ನು ಸೇರಿಸಿ ಇದನ್ನೆಲ್ಲ ಇಮ್ಮಡಿ ಮಾಡಿದರೂ ಹತ್ತು ಯಂತ್ರ ಅಥವಾ 160 ಎಕರೆ. ಮಡಕಶಿರಾಕ್ಕೆ ಇದಕ್ಕಿಂತ ಬಹಳ ಕಡಿಮೆ.

ನೂರಾರು ಗಾಳಿಯಂತ್ರಗಳಿರುವ ಸೀಮೆಗೆ ಹತ್ತು ಯಂತ್ರ ಯಾವ ಲೆಕ್ಕ? ವರ್ಷದ ಲೆಕ್ಕದಲ್ಲಿ ನಾವು ಇಂದೇ ನೂರಕ್ಕೆ ನೂರು ಮುಟ್ಟಬಲ್ಲೆವು.

ಗಂಟೆಯ ಲೆಕ್ಕ ಹಾಕಿದಾಗ ಚಿತ್ರ ಬದಲಾಗುತ್ತದೆ. ದಿನಕ್ಕೆ ಮನೆಯೊಂದು ಬಳಸುವ ಮೂರೂ ಚಿಲ್ಲರೆ ಯೂನಿಟ್‌ಗಳಲ್ಲಿ ಎರಡು ಯೂನಿಟ್ ಸಂಜೆ ಆರರಿಂದ ಬೆಳಗಿನ ಆರರೊಳಗೆ ಬೇಕೆಂದು ಹಿಡಿದರೆ, ರಾತ್ರಿಯೊಂದಕ್ಕೆ ಊರಿಗೆ 30 ಸಾವಿರ ಯೂನಿಟ್ ಕೂಡಿಟ್ಟಿರಬೇಕು. ಗುಜರಾತಿನ ಮೊಢೇರಾ ಗ್ರಾಮವನ್ನು 2022ರ ಅಕ್ಟೋಬರ್‌ನಲ್ಲಿ ಹಗಲಿರುಳೂ ಸೌರವಿದ್ಯುತ್ತಿನಿಂದ ನಡೆಯುವ ದೇಶದ ಮೊದಲ ಗ್ರಾಮವೆಂದು ಘೋಷಿಸಲಾಯಿತು. ಅಲ್ಲಿ 6 ಮೆಗಾವ್ಯಾಟ್‌ನ ಸೌರಸ್ಥಾವರ, ಸಾವಿರಕ್ಕೂ ಹೆಚ್ಚು ಮನೆಗಳ ಮೇಲೆ ಫಲಕಗಳು, ಇವುಗಳೊಡನೆ 15 ಸಾವಿರ ಯೂನಿಟ್ ಹಿಡಿಯುವ ಬ್ಯಾಟರಿ ಇವೆ. ರಾಯದುರ್ಗದ ಮನೆಗಳಿಗಷ್ಟೇ ಅಂಥ ಎರಡು ಬ್ಯಾಟರಿಗಳು ಬೇಕು. ಮೋಡ ಮುಸುಕಿದ ಮೂರು ದಿನಗಳಿಗೆ ಅದೂ ಸಾಲದು. ಅರಬ್ಬೀ ಸಮುದ್ರದ ದಂಡೆಯ ದೀವ್ 2018ರ ಹೊತ್ತಿಗೆ 13 ಮೆಗಾವ್ಯಾಟ್ ಸೌರಸಾಮರ್ಥ್ಯದಿಂದ ತನ್ನ ಹಗಲಿನ ಬೇಡಿಕೆಯನ್ನು ಪೂರ್ತಿ ನೀಗಿಸಿಕೊಂಡಿತು. "ಹಗಲಿನ" ಎಂಬ ಪದವನ್ನು ಗಮನಿಸಬೇಕು.

ಮಾಳಿಗೆಯ ಮೇಲೆ

ಎಲ್ಲಕ್ಕಿಂತ ಹತ್ತಿರದ ದಾರಿ ನಮ್ಮ ಮಾಳಿಗೆಯೇ. 2024ರ ಫೆಬ್ರವರಿ 13ರಂದು ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ ಮೊದಲ ಎರಡು ಕಿಲೋವ್ಯಾಟ್‌ಗಳಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು ಗರಿಷ್ಠ 78,000 ರೂಪಾಯಿ ಕೇಂದ್ರದ ಸಹಾಯಧನವಿದೆ. ಒಂದು ಕಿಲೋವ್ಯಾಟ್‌ಗೆ ನೂರು ಚದರ ಅಡಿಯಷ್ಟು ನೆರಳಿಲ್ಲದ ಜಾಗ ಬೇಕು. ಹಗಲಲ್ಲಿ ಹೆಚ್ಚಾದದ್ದು ಜಾಲಕ್ಕೆ ಹೋಗುತ್ತದೆ, ರಾತ್ರಿ ಬೇಕಾದದ್ದು ಜಾಲದಿಂದ ಬರುತ್ತದೆ. ನೆಟ್ ಮೀಟರು ಎರಡನ್ನೂ ಬರೆದಿಡುತ್ತದೆ.

ಪಾಲಕರು ಅರ್ಜಿ ಹಾಕುವ ಮುನ್ನ ಕೆಲವು ಸಂಗತಿಗಳನ್ನು ತಿಳಿದಿರಬೇಕು. ಸಹಾಯಧನ ಮೊದಲೇ ಬರುವುದಿಲ್ಲ. ಫಲಕ ಕೂಡಿಸಿ, ಕಂಪನಿಯವರು ಪರಿಶೀಲಿಸಿ, ಮೀಟರು ಜೋಡಿಸಿದ ಅನಂತರವೇ ಅದು ಮನೆಯವರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅಲ್ಲಿಯತನಕದ ಹಣವನ್ನು ಕೈಯಿಂದಲೋ ಸಾಲದಿಂದಲೋ ಹೊಂದಿಸಬೇಕು. ಎರಡನೆಯದಾಗಿ, ಬ್ಯಾಟರಿಯಿಲ್ಲದ ಮಾಳಿಗೆ ಫಲಕಗಳು ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾವೂ ನಿಂತುಬಿಡುತ್ತವೆ, ಬಿಸಿಲು ಎಷ್ಟೇ ಇರಲಿ. ಇದು ದೋಷವಲ್ಲ, ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮ್ಯಾನ್‌ಗೆ ನಮ್ಮ ಮಾಳಿಗೆಯ ಕರೆಂಟು ಹೊಡೆಯದಿರಲೆಂದು ಇನ್ವರ್ಟರಿನಲ್ಲಿ ಮಾಡಿರುವ ಏರ್ಪಾಡು. ಪರೀಕ್ಷೆಯ ದಿನಗಳಲ್ಲಿ ಮಕ್ಕಳ ಓದಿಗೆ ದೀಪ ಇರುತ್ತದೆಂಬ ಆಸೆಯಿಂದಲೇ ಫಲಕ ಹಾಕಿಸುವವರು ಇದನ್ನು ಮೊದಲೇ ಅರಿತಿದ್ದರೆ ಅನಂತರ ವ್ಯಾಪಾರಿಯೊಡನೆ ಜಗಳವಾಡಬೇಕಾಗುವುದಿಲ್ಲ. ಮೂರನೆಯದಾಗಿ, ಈ ಸಹಾಯಧನ ವಾಸದ ಮನೆಗಳಿಗೆ. ಶಾಲೆಗೆ ಇದು ಅನ್ವಯಿಸುವುದಿಲ್ಲ.

ತಗಡಿನ ಮನೆಯವರು, ಬಾಡಿಗೆಯವರು, ಒಂದೇ ಮಾಳಿಗೆಯನ್ನು ಅಣ್ಣತಮ್ಮಂದಿರು ಹಂಚಿಕೊಂಡವರು ಈ ದಾರಿಯಲ್ಲಿ ಹೊರಗುಳಿಯುತ್ತಾರೆ. ನಮ್ಮ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಇಂಥ ಮನೆಗಳವರೇ ಬಹಳ. ಆದ್ದರಿಂದ ಮಾಳಿಗೆಗಳಿಂದಲೇ ಊರಿನ ಬೇಡಿಕೆಯನ್ನು ಪೂರೈಸುತ್ತೇವೆನ್ನುವ ಯೋಜನೆ ಎಷ್ಟು ಸುಂದರವಾಗಿದ್ದರೂ ನನಗೆ ಅರ್ಧವೇ ಎನಿಸುತ್ತದೆ.

ಹೊಲದ ಮೇಲೆ

ಮುಂದಿನ ದಾರಿ ಊರ ಹೊರಗಿನ ನೆಲ. ಇದರಲ್ಲಿ ಸಣ್ಣದು, ದೊಡ್ಡದು ಎಂಬ ಎರಡು ಬಗೆಗಳಿವೆ.

ಸಣ್ಣದು 2019ರಲ್ಲಿ ಬಂದ ಪಿಎಂ-ಕುಸುಮ್ ಯೋಜನೆಯದು. ಸಬ್‌ಸ್ಟೇಷನ್ನಿನ ಆಸುಪಾಸಿನ ಬರಡು ಭೂಮಿಯಲ್ಲಿ ಅರ್ಧ ಮೆಗಾವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗಿನ ಸ್ಥಾವರವನ್ನು ರೈತನೋ ರೈತರ ಸಂಘವೋ ಹಾಕಿ ವಿತರಣಾ ಕಂಪನಿಗೆ ಕರೆಂಟು ಮಾರಬಹುದು. ಇದೇ ಯೋಜನೆಯ ಇನ್ನೊಂದು ಭಾಗದಲ್ಲಿ ಪಂಪ್‌ಸೆಟ್ಟುಗಳ ಫೀಡರನ್ನೇ ಸೌರಕ್ಕೆ ಜೋಡಿಸಲಾಗುತ್ತದೆ. ನಮ್ಮ ಸೀಮೆಗೆ ಇದು ಹೇಳಿಮಾಡಿಸಿದಂತಿದೆ. ಏಕೆಂದರೆ ಆಂಧ್ರದಲ್ಲಿ ಕೃಷಿಗೆ ಹಗಲಿನ ಒಂಬತ್ತು ಗಂಟೆ ಉಚಿತ ವಿದ್ಯುತ್ ಕೊಡಲಾಗುತ್ತದೆ. ಬಿಸಿಲಿನ ಹೊತ್ತಿಗೇ ಹೊಂದುವ ಬೇಡಿಕೆ ಇದು. ರಾತ್ರಿಯ ದೀಪವನ್ನು ಹಗಲಿಗೆ ತಳ್ಳಲಾಗದು, ಬೋರ್‌ವೆಲ್ಲಿನ ಪಂಪನ್ನು ತಳ್ಳಬಹುದು. ಬ್ಯಾಟರಿಯ ಖರ್ಚಿಲ್ಲದೆ ಗಂಟೆಯ ಲೆಕ್ಕವನ್ನು ಸರಿದೂಗಿಸುವ ಏಕೈಕ ದೊಡ್ಡ ಅವಕಾಶ ನಮ್ಮಲ್ಲಿ ಇದುವೇ.

ದೊಡ್ಡದರ ಉದಾಹರಣೆಗಳು ಎರಡೂ ನಮ್ಮ ಪಕ್ಕದಲ್ಲಿವೆ. ನಂಬುಲಪೂಲಕುಂಟದಲ್ಲಿ 1,500 ಮೆಗಾವ್ಯಾಟ್‌ಗೆಂದು ಯೋಜಿಸಿದ ಅನಂತಪುರ ಸೌರ ಉದ್ಯಾನದಲ್ಲಿ ಎನ್‌ಟಿಪಿಸಿಯ 250 ಮೆಗಾವ್ಯಾಟ್ ಸ್ಥಾವರ 2016ರಲ್ಲಿ ಆರಂಭವಾಯಿತು. ಪಾವಗಡದ ಉದ್ಯಾನವನ್ನು 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉದ್ಘಾಟಿಸಿದರು. 2019ರ ಕೊನೆಗೆ ಅದು 2,050 ಮೆಗಾವ್ಯಾಟ್ ಮುಟ್ಟಿತು. ಇಲ್ಲಿ ಭೂಮಿಯನ್ನು ಕೊಂಡುಕೊಳ್ಳಲಿಲ್ಲ. ತಿರುಮಣಿ, ಬಾಲಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ರೈತರಿಂದ 28 ವರ್ಷಗಳ ಗುತ್ತಿಗೆಗೆ ಪಡೆಯಲಾಯಿತು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಮೇಲಿಂದ ಮೇಲೆ ಬರಗಾಲ ಕಂಡ ಸೀಮೆಯಲ್ಲಿ, ಕಡಲೆಕಾಯಿ ಒಣಗಿದ ವರ್ಷವೂ ಬರುವ 21,000 ಸಣ್ಣ ಮಾತಲ್ಲ. ಭೂಮಿಯ ಹಕ್ಕು ರೈತನಲ್ಲೇ ಉಳಿಯಿತು ಎಂಬುದೂ ದೊಡ್ಡ ಸಮಾಧಾನ.

ಆದರೂ ಲೆಕ್ಕವನ್ನು ಕೊನೆಯತನಕ ಮಾಡಬೇಕು. ಎರಡು ವರ್ಷಕ್ಕೆ ಶೇ. 5ರಂತೆ ಹದಿಮೂರು ಬಾರಿ ಏರಿದರೆ 28ನೆಯ ವರ್ಷದ ಗುತ್ತಿಗೆ ಸುಮಾರು 39,600 ರೂಪಾಯಿ. ಅದೇ ಅವಧಿಯಲ್ಲಿ ಅಕ್ಕಿ-ಬೇಳೆಯ ಬೆಲೆ ವರ್ಷಕ್ಕೆ ಶೇ. 5ರಂತೆ ಏರುತ್ತ ಹೋದರೆ, ಇಂದಿನ 21,000ಕ್ಕೆ ಸಿಗುವ ಸಾಮಾನಿಗೆ ಅಂದು 78,000 ರೂಪಾಯಿ ಬೇಕಾಗುತ್ತದೆ. ಗುತ್ತಿಗೆಯ ಮೊತ್ತ ಇಮ್ಮಡಿಯಾಗುತ್ತ ಬಂದಂತೆ ಕಂಡರೂ ಅದರ ಕೊಳ್ಳುವ ಬಲ ಅರ್ಧಕ್ಕೆ ಇಳಿದಿರುತ್ತದೆ. ಚಕ್ರಬಡ್ಡಿಯ ಪಾಠ ಮಾಡುವಾಗ ಈ ಲೆಕ್ಕವನ್ನು ಮಕ್ಕಳಿಂದ ಬಿಡಿಸಬಹುದು. ಅವರು ಮನೆಗೆ ಹೋಗಿ ಹಿರಿಯರಿಗೆ ಹೇಳಿದರೆ ಇನ್ನೂ ಒಳ್ಳೆಯದು.

ಗುತ್ತಿಗೆಯ ಹಣ ಪಟ್ಟಾ ಹೆಸರಿನಲ್ಲಿರುವವರಿಗೆ ಬರುತ್ತದೆ. ಕೌಲಿಗೆ ಮಾಡುತ್ತಿದ್ದವರಿಗೆ, ಕೂಲಿಗೆ ಹೋಗುತ್ತಿದ್ದ ಹೆಣ್ಣುಮಕ್ಕಳಿಗೆ, ಬೀಳಿನಲ್ಲಿ ಕುರಿ ಬಿಡುತ್ತಿದ್ದವರಿಗೆ ಬರುವುದಿಲ್ಲ. ಬೇಲಿ ಬಿದ್ದ ಮೇಲೆ ಫಲಕ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸಗಳು ಕೆಲವರಿಗಷ್ಟೇ ಸಿಗುತ್ತವೆ. ಗಾಳಿಯಂತ್ರದ ವಿಷಯದಲ್ಲಿ ಈ ತೊಂದರೆ ಕಡಿಮೆ: ಕಂಬದ ಬುಡ ಮತ್ತು ದಾರಿಯಷ್ಟೇ ಹೋಗುತ್ತದೆ, ಸುತ್ತಲಿನ ಹೊಲದಲ್ಲಿ ಉತ್ತು ಬಿತ್ತಬಹುದು.

ಗಾಳಿಯ ಗುಣ

ಅನಂತಪುರ ಜಿಲ್ಲೆಗೆ ಗಾಳಿಯಂತ್ರ ಬಂದು ಮೂರು ದಶಕಗಳೇ ಆಗುತ್ತ ಬಂದವು. 1990ರ ದಶಕದಲ್ಲಿ ರಾಮಗಿರಿಯ ಗುಡ್ಡಗಳ ಮೇಲೆ ನಿಂತವು ಆಂಧ್ರದ ಮೊದಲ ತಲೆಮಾರಿನವು. ಹಗರಿಯ ದಂಡೆಯ ಕಣೇಕಲ್ಲು, ಬೊಮ್ಮನಹಾಳ್ ಭಾಗದ ರೈತರಿಗೆ ಗಾಳಿಯ ಬಲವನ್ನು ಯಾರೂ ಕಲಿಸಬೇಕಾಗಿಲ್ಲ. ನದಿಯ ಮರಳನ್ನು ಹೊತ್ತು ತಂದು ಹೊಲಗಳ ಮೇಲೆ ದಿಬ್ಬ ಕಟ್ಟುವ ಗಾಳಿ ಅದು.

ಗಾಳಿಯ ಯೋಗ್ಯತೆ ಇರುವುದು ಅದರ ಕಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮೋಡ ಕವಿದು ಸೌರಫಲಕ ಸೊರಗುವ ತಿಂಗಳುಗಳಲ್ಲಿ, ಗಾಳಿ ಜೋರಾಗಿರುತ್ತದೆ. ಸೂರ್ಯ ಮುಳುಗಿದ ಮೇಲೂ ಬೀಸುತ್ತದೆ. ಫೆಬ್ರವರಿಯಿಂದ ಮೇವರೆಗೆ ಬಿಸಿಲು ಗಾಳಿಯ ಕೊರತೆಯನ್ನು ತುಂಬುತ್ತದೆ. ಎರಡನ್ನೂ ಬೆರೆಸಿದ ಊರಿಗೆ ಬೇಕಾಗುವ ಬ್ಯಾಟರಿ, ಬಿಸಿಲೊಂದನ್ನೇ ನಂಬಿದ ಊರಿಗೆ ಬೇಕಾಗುವುದಕ್ಕಿಂತ ಚಿಕ್ಕದು. ಅಕ್ಟೋಬರ್‌ನಿಂದ ಜನವರಿಯವರೆಗಿನ ಸಂಜೆಗಳು ಮಾತ್ರ ಎರಡಕ್ಕೂ ದುರ್ಬಲ. ಕಡಲೆಕಾಯಿ ಸಿಪ್ಪೆ, ಬಳ್ಳಾರಿ ಜಾಲಿಯ ಸೌದೆಗಳನ್ನು ಉರಿಸುವ ಜೈವಿಕ ವಿದ್ಯುತ್ತನ್ನು ಇಂಥ ಕೊರತೆಗೆ ಸೂಚಿಸುವವರಿದ್ದಾರೆ. ಹೊಗೆಯೂ, ವರ್ಷವಿಡೀ ಸಿಪ್ಪೆ ಒದಗಿಸುವ ಪಾಡೂ ಅದರೊಡನೆ ಬರುತ್ತವೆ.

ಕಾಗದದ ಮೇಲೆ ಕೊಳ್ಳುವುದು

ಸ್ವಂತವಾಗಿ ಏನನ್ನೂ ಕಟ್ಟದೆ ಒಪ್ಪಂದದ ಮೂಲಕವೂ ಊರೊಂದು ಹಸಿರು ವಿದ್ಯುತ್ತನ್ನು ಕೊಳ್ಳಬಹುದು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಹಸಿರು ಇಂಧನ ಮುಕ್ತ ಪ್ರವೇಶ ನಿಯಮಗಳಂತೆ 100 ಕಿಲೋವ್ಯಾಟ್ ಹೊರೆಯುಳ್ಳ ಬಳಕೆದಾರರು ತಮಗೆ ಬೇಕಾದ ಉತ್ಪಾದಕರಿಂದ ಕೊಳ್ಳಬಹುದು. 2023ರ ತಿದ್ದುಪಡಿಯಂತೆ ಒಂದೇ ವಿದ್ಯುತ್ ವಿಭಾಗದಲ್ಲಿರುವ ಹಲವು ಸಂಪರ್ಕಗಳನ್ನು ಕೂಡಿಸಿ 100 ಕಿಲೋವ್ಯಾಟ್ ತೋರಿಸಿದರೂ ಸಾಕು. ಪುರಸಭೆಯೊಂದು ತನ್ನ ನೀರಿನ ಪಂಪು, ಬೀದಿದೀಪ, ಕಚೇರಿಗಳ ಸಂಪರ್ಕಗಳನ್ನು ಒಟ್ಟುಗೂಡಿಸಿ ಈ ದಾರಿ ಹಿಡಿಯುವ ಸಾಧ್ಯತೆಯಿದೆ. ಇನ್ನೂ ಹಗುರವಾದುದು ಪ್ರಮಾಣಪತ್ರ: ಸಾವಿರ ಯೂನಿಟ್ ಹಸಿರು ಉತ್ಪಾದನೆಗೆ ಒಂದು ಪತ್ರದಂತೆ ಮಾರುಕಟ್ಟೆಯಲ್ಲಿ ಕೊಳ್ಳಬಹುದು. ಮೀಟರು ಬದಲಾಗುವುದಿಲ್ಲ, ತಂತಿ ಬದಲಾಗುವುದಿಲ್ಲ, ಲೆಕ್ಕಪುಸ್ತಕ ಹಸಿರಾಗುತ್ತದೆ.

ಹೊರದೇಶದ ಎರಡು ಪಟ್ಟಣಗಳು ಇಲ್ಲಿ ಪಾಠಕ್ಕೆ ಒದಗುತ್ತವೆ, ಎರಡೂ ಅಮೆರಿಕದವು. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ರಾಯದುರ್ಗಕ್ಕಿಂತ ಚಿಕ್ಕದು. ಸೌದೆಯ ಚಕ್ಕೆ ಉರಿಸುವ ಸ್ಥಾವರ, ಜಲವಿದ್ಯುತ್, ಗಾಳಿಯ ಒಪ್ಪಂದಗಳಿಂದ 2014ರಲ್ಲಿ ತಾನು ಪೂರ್ತಿ ನವೀಕರಿಸಬಹುದಾದ ವಿದ್ಯುತ್ತಿನ ಊರೆಂದು ಹೇಳಿಕೊಂಡಿತು. ಆದರೆ ಅದು ತನ್ನ ಸ್ಥಾವರಗಳಿಂದ ಬಂದ ದುಬಾರಿ ಪ್ರಮಾಣಪತ್ರಗಳನ್ನು ಮಾರಿ, ಅಗ್ಗದವನ್ನು ಕೊಂಡು ಲೆಕ್ಕ ಸರಿದೂಗಿಸುತ್ತದೆ. ಕಾನೂನಿನಲ್ಲಿ ತಪ್ಪಿಲ್ಲ, ಆದರೂ ಈ ಊರು ಬಳಸುವ ವಿದ್ಯುತ್ತು ಯಾವುದೆಂಬ ಪ್ರಶ್ನೆಗೆ ಉತ್ತರ ತೊಡಕಾಗಿಬಿಡುತ್ತದೆ. ಇನ್ನೊಂದು ಟೆಕ್ಸಾಸಿನ ಜಾರ್ಜ್‌ಟೌನ್. ಗಾಳಿ ಮತ್ತು ಸೌರ ಉತ್ಪಾದಕರೊಡನೆ ದೀರ್ಘಕಾಲದ ಸ್ಥಿರದರದ ಒಪ್ಪಂದಗಳನ್ನು ಮಾಡಿಕೊಂಡು, ಬೇಕಾದುದಕ್ಕಿಂತ ಹೆಚ್ಚು ಕೊಂಡಿತು. ಮಾರುಕಟ್ಟೆಯಲ್ಲಿ ವಿದ್ಯುತ್ತಿನ ಬೆಲೆ ಇಳಿದಾಗ ಮಿಕ್ಕಿದ್ದನ್ನು ನಷ್ಟಕ್ಕೆ ಮಾರಬೇಕಾಗಿ ಬಂದು, 2018ರಲ್ಲಿ ಸುಮಾರು 68 ಲಕ್ಷ ಡಾಲರ್ ಕೊರತೆ ಕಂಡಿತು. ಮರುವರ್ಷ ಹೊರೆ ಜನರ ಬಿಲ್ಲಿಗೆ ಬಿತ್ತು.

ಇದೇ ಕಥೆಯ ಇನ್ನೊಂದು ರೂಪವನ್ನು ನಾವು ಮನೆಯಂಗಳದಲ್ಲೇ ಕಂಡಿದ್ದೇವೆ. ಅನಂತಪುರ, ಕರ್ನೂಲು ಜಿಲ್ಲೆಗಳ ಹಲವು ಗಾಳಿಯಂತ್ರಗಳ ಒಪ್ಪಂದಗಳು ಯೂನಿಟ್‌ಗೆ 4 ರೂಪಾಯಿ 80 ಪೈಸೆಗೂ ಮೇಲಿನ ದರದವು. 2019ರ ಜುಲೈಯಲ್ಲಿ ಆಂಧ್ರ ಸರ್ಕಾರ ಈ ದರ ಹೆಚ್ಚಾಯಿತೆಂದು ಮರುಮಾತುಕತೆಗೆ ಸಮಿತಿ ನೇಮಿಸಿತು. ವ್ಯಾಜ್ಯ ಹೈಕೋರ್ಟಿಗೆ ಹೋಯಿತು. ತಾತ್ಕಾಲಿಕವಾಗಿ ಗಾಳಿಗೆ 2.43, ಸೌರಕ್ಕೆ 2.44 ರೂಪಾಯಿ ಕೊಡಬೇಕೆಂದಾಯಿತು. 2022ರ ಮಾರ್ಚ್ 15ರಂದು ವಿಭಾಗೀಯ ಪೀಠವು ಒಪ್ಪಂದದ ಪೂರ್ಣ ದರವನ್ನೇ ಬಾಕಿಸಹಿತ ತೆರಬೇಕೆಂದು ತೀರ್ಪಿತ್ತಿತು. ಸರಿ ಯಾರದು, ತಪ್ಪು ಯಾರದು ಎಂಬುದಕ್ಕಿಂತ ನಮಗೆ ಬೇಕಾದ ಸಂಗತಿ ಇದು: 25 ವರ್ಷದ ಒಪ್ಪಂದಕ್ಕೆ ಸಹಿ ಬೀಳುವ ದಿನವೇ, ಇಂದು ಒಂದನೆಯ ತರಗತಿಯಲ್ಲಿರುವ ಮಗು ಮೂವತ್ತು ದಾಟುವ ತನಕ ಕಟ್ಟುವ ಬಿಲ್ಲಿನ ಒಂದು ಭಾಗ ತೀರ್ಮಾನವಾಗಿಬಿಡುತ್ತದೆ.

ಊರು ಏನೂ ಮಾಡದೆ ಕುಳಿತರೂ ಒಂದಷ್ಟು ದೂರ ತಾನಾಗಿ ಸಾಗುತ್ತದೆ ಎಂಬುದನ್ನೂ ಹೇಳಬೇಕು. ಕೇಂದ್ರದ 2023ರ ಅಧಿಸೂಚನೆಯಂತೆ ವಿತರಣಾ ಕಂಪನಿಗಳು 2029-30ಕ್ಕೆ ತಮ್ಮ ವಿದ್ಯುತ್ತಿನಲ್ಲಿ ಶೇ. 43.33ರಷ್ಟನ್ನು ನವೀಕರಿಸಬಹುದಾದ ಮೂಲಗಳಿಂದ ತರಬೇಕು. ಹಾಗಾಗಿ ನೂರಕ್ಕೆ ನೂರು ಎನ್ನುವ ಯಾವ ಯೋಜನೆಯಾದರೂ, ಕಾನೂನಿನಂತೆ ಹೇಗೂ ಆಗಬೇಕಾದ ಈ ಪಾಲನ್ನು ತನ್ನ ಸಾಧನೆಯೆಂದು ಎಣಿಸಿಕೊಳ್ಳುತ್ತಿದೆಯೇ ಎಂದು ನೋಡಬೇಕು.

ರಾತ್ರಿಗೆ ಕೂಡಿಡುವುದು

ಕನ್ನಂಬಾಡಿಯ ಕಾಲದ ಪ್ರಶ್ನೆ ಬೇರೆ ರೂಪದಲ್ಲಿ ಮರಳಿದೆ. ನಂದ್ಯಾಲ ಜಿಲ್ಲೆಯ ಪಿನ್ನಾಪುರದಲ್ಲಿ ಕೈಗೊಂಡ 1,680 ಮೆಗಾವ್ಯಾಟ್‌ನ ಯೋಜನೆಯ ತತ್ತ್ವ ಸರಳ: ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ಕೊಳದ ನೀರನ್ನು ಮೇಲಿನ ಕೊಳಕ್ಕೆ ಎತ್ತುವುದು, ಸಂಜೆ ಅದನ್ನೇ ಕೆಳಕ್ಕೆ ಬಿಟ್ಟು ಯಂತ್ರ ತಿರುಗಿಸುವುದು. ಎತ್ತಲು ಹಿಡಿದ ನೂರು ಯೂನಿಟ್‌ನಲ್ಲಿ ಎಪ್ಪತ್ತೈದು, ಎಂಬತ್ತು ಮರಳುತ್ತದೆ. ಒಂದು ಪಟ್ಟಣ ಇದನ್ನು ತಾನೇ ಕಟ್ಟಲಾಗದು; ರಾಜ್ಯವೇ ಕಟ್ಟಿ ಪಾಲು ಕೊಡಬೇಕು. ಬ್ಯಾಟರಿಯಾದರೆ ಸಬ್‌ಸ್ಟೇಷನ್ನಿನ ಆವರಣದಲ್ಲೇ ಕೂಡಿಸಬಹುದು. ಆದರೆ ಹತ್ತು-ಹದಿನೈದು ವರ್ಷಕ್ಕೆ ಬದಲಾಯಿಸಬೇಕು.

ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ರಾಯದುರ್ಗ, ಮಡಕಶಿರಾಗಳಿಗೆ ಮೊದಲು ಆಗಬೇಕಾದುದು ಪಂಪ್‌ಸೆಟ್ ಫೀಡರುಗಳ ಸೌರೀಕರಣ. ಜೊತೆಗೇ ಪುರಸಭೆಯ ಸಂಪರ್ಕಗಳಿಗೆ ಸುತ್ತಲಿನ ಗಾಳಿಯಿಂದ ಒಪ್ಪಂದ. ಮಾಳಿಗೆ ಫಲಕಗಳು ಶಕ್ತಿಯುಳ್ಳವರಿಂದ ತಾವಾಗಿ ಬರುತ್ತವೆ. ಪ್ರಮಾಣಪತ್ರ ಕೊಂಡು ಫಲಕ ನೆಡುವುದು ನಮಗೆ ಬೇಡ. ಇಷ್ಟರಿಂದ ನೂರು ಆಗುವುದಿಲ್ಲ, ಚಳಿಗಾಲದ ಸಂಜೆಗಳಲ್ಲಿ ಮುದ್ದನೂರಿನ ಕಲ್ಲಿದ್ದಲು ಇನ್ನೂ ಕೆಲವು ಕಾಲ ಬೇಕಾಗುತ್ತದೆ. ಅದನ್ನು ಮರೆಮಾಚದ ಯೋಜನೆಯನ್ನೇ ನಂಬಬಹುದು.

ಓದಲು ಬಾರದ ಒಪ್ಪಂದ

ಇಷ್ಟೆಲ್ಲ ಲೆಕ್ಕಗಳ ಆಚೆಗೆ ಗಡಿನಾಡಿನ ಕನ್ನಡ ಕುಟುಂಬಗಳಿಗೆ ಮಾತ್ರ ಎದುರಾಗುವ ತೊಡಕೊಂದಿದೆ. ಗುತ್ತಿಗೆಯ ಕರಾರು ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಇರುತ್ತದೆ. ರಾಯದುರ್ಗ 1953ರ ಅಕ್ಟೋಬರ್ 1ರಂದು ಆದೋನಿ, ಆಲೂರುಗಳೊಡನೆ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಏಳು ದಶಕಗಳಲ್ಲಿ ತೆಲುಗು ಮಾತು ಎಲ್ಲರಿಗೂ ಬಂದಿದೆ. ಮಾತು ಬರುವುದು ಬೇರೆ, 28 ವರ್ಷದ ಕರಾರಿನ ಷರತ್ತನ್ನು ಓದಿ ತಿಳಿಯುವುದು ಬೇರೆ. ಕನ್ನಡ ಮಾಧ್ಯಮದಲ್ಲಿ ಓದಿದ ರೈತ ಕನ್ನಡ ಲಿಪಿಯಲ್ಲಿ ಬಂದುದನ್ನು ಓದುತ್ತಾನೆ. ಮಿಕ್ಕದ್ದಕ್ಕೆ ಮಧ್ಯವರ್ತಿಯ ಬಾಯಿಮಾತನ್ನು ನಂಬಿ ಹೆಬ್ಬೆಟ್ಟಿಗೆ ಸಮಾನವಾದ ಸಹಿ ಹಾಕುತ್ತಾನೆ.

ಇದಕ್ಕೆ ಆಧಾರವಿಲ್ಲದಿಲ್ಲ. ಸಂವಿಧಾನದ 350ನೆಯ ವಿಧಿಯಂತೆ ಯಾವುದೇ ವ್ಯಕ್ತಿ ತನ್ನ ಅಹವಾಲನ್ನು ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಸಲ್ಲಿಸಬಹುದು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ 1956ರಲ್ಲಿ ಕೇಂದ್ರ ಹೊರಡಿಸಿದ ಜ್ಞಾಪನಪತ್ರದಲ್ಲಿ, ಜಿಲ್ಲೆಯ ಜನಸಂಖ್ಯೆಯ ಶೇ. 15ರಿಂದ 20ರಷ್ಟು ಇರುವ ಅಲ್ಪಸಂಖ್ಯಾತರ ಭಾಷೆಯಲ್ಲಿ ಮುಖ್ಯ ಸರ್ಕಾರಿ ಪ್ರಕಟಣೆ, ನಿಯಮಗಳನ್ನು ಹೊರಡಿಸಬೇಕೆಂಬ ಆಶಯವಿದೆ. ಮುಂದೆ ಇದನ್ನು ತಾಲೂಕು, ಪುರಸಭೆಗಳ ಮಟ್ಟಕ್ಕೂ ವಿಸ್ತರಿಸಲಾಯಿತು. ಖಾಸಗಿ ಕಂಪನಿಯ ಕರಾರಿಗೆ ಇದು ನೇರವಾಗಿ ಅನ್ವಯಿಸದಿದ್ದರೂ, ಗ್ರಾಮಸಭೆಯ ತಿಳಿವಳಿಕೆ ಪತ್ರ, ಭೂಸ್ವಾಧೀನದ ನೋಟಿಸು, ಪುರಸಭೆಯ ಠರಾವುಗಳಿಗೆ ಕನ್ನಡ ಪ್ರತಿ ಕೇಳಲು ಇದೇ ಆಧಾರ.

ಆಂಧ್ರಪ್ರದೇಶ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಪ್ರತಿವರ್ಷ ಹೊಸ ದರ ನಿಗದಿಪಡಿಸುವ ಮುನ್ನ ಸಾರ್ವಜನಿಕರಿಂದ ಆಕ್ಷೇಪಣೆ ಕರೆದು ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಲಿಖಿತವಾಗಿ ಬರೆಯಬಹುದು. ಬರೆಯುವವರು ಈ ಮೂರನ್ನು ಕೇಳಿದರೆ ಸಾಕು: ನಮ್ಮ ಮಂಡಲದ ಯಾವ ಯಾವ ಕೃಷಿ ಫೀಡರುಗಳು ಸೌರಕ್ಕೆ ಜೋಡಣೆಯಾಗಲಿವೆ ಮತ್ತು ಯಾವಾಗ, ಸುತ್ತಲಿನ ಗಾಳಿಯಂತ್ರಗಳಿಂದ ಕಂಪನಿ ಕೊಳ್ಳುವ ದರ ಮತ್ತು ಅವಧಿ ಎಷ್ಟು, ಉತ್ಪಾದನೆಗೆ ಸಿದ್ಧವಾಗಿದ್ದರೂ ಕಳೆದ ವರ್ಷ ಎಷ್ಟು ಗಂಟೆ ಅವನ್ನು ನಿಲ್ಲಿಸಲಾಯಿತು. ಗುತ್ತಿಗೆಯ ಕಾಗದ ಮನೆಗೆ ಬಂದವರು ಸಹಿಗೆ ಮುನ್ನ ಅವಧಿ, ಏರಿಕೆಯ ದರ, ಕಂಪನಿ ಕೈಬದಲಾದರೆ ಹೊಣೆ ಯಾರದು, ಅವಧಿ ಮುಗಿದ ಮೇಲೆ ಫಲಕ, ಕಾಂಕ್ರೀಟು ತೆಗೆದು ನೆಲ ಸಮಮಾಡಿಕೊಡುವವರು ಯಾರು ಎಂಬ ಸಾಲುಗಳನ್ನು ಹುಡುಕಿ, ಅವನ್ನು ಕನ್ನಡದಲ್ಲಿ ಬರೆಸಿಕೊಳ್ಳಬೇಕು. ಹತ್ತಿರದ ಕನ್ನಡ ಶಾಲೆಯ ಶಿಕ್ಷಕರಲ್ಲಿ ತೆಲುಗೂ ಇಂಗ್ಲಿಷೂ ಬಲ್ಲವರು ಒಬ್ಬರಾದರೂ ಇರುತ್ತಾರೆ. ಭಾನುವಾರದ ಒಂದು ಗಂಟೆ ಈ ಕೆಲಸಕ್ಕೆ ಸಾಕಾಗುತ್ತದೆ.